138 ಇದ್ದದ್ದು 2,484 ಆದ ಬಗ್ಗೆ ದೂರು

ಇಂದ:
ನಿಮ್ಮ ವಾರ್ಷಿಕ ಚಂದಾದಾರ,
ಆಲ್ದೂರು, ಚಿಕ್ಕಮಗಳೂರು ಜಿಲ್ಲೆ

ಗೆ:
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ

ದಿನಾಂಕ: 4 ಆಗಸ್ಟ್ 2025

ವಿಷಯ: ನಿಮ್ಮ ಆರೋಗ್ಯ ಆ್ಯಪ್ ಜೊತೆಗಿನ, ಆದೇಶ ಟೈಪು ಮಾಡಿ ನಡೆಸುವ ಕಮಾಂಡ್‌ಲೈನ್ ಉಪಕರಣದ ಮೂಲಕ ಸೇರಿಸಿದ ಆರೋಗ್ಯ ದಾಖಲೆಗಳು ಕೆಟ್ಟಿರುವುದು ಮತ್ತು ಅವನ್ನು ತಿದ್ದಲು ದಾರಿಯೇ ಇಲ್ಲದಿರುವುದು.

ಮಾನ್ಯರೆ,

ನಮ್ಮ ತಂದೆ ಕಾಫಿ ತೋಟವೊಂದರಲ್ಲಿ 34 ವರ್ಷ ರೈಟರ್ ಆಗಿದ್ದವರು. ಮಲೆನಾಡಿನ ತೋಟಗಳಲ್ಲಿ ರೈಟರ್ ಎಂದರೆ ಕಥೆ ಬರೆಯುವವರಲ್ಲ, ಲೆಕ್ಕ ಬರೆಯುವವರು. ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಆಳುಗಳ ಹಾಜರಿ, ಸಂಜೆ ಕುಯ್ದ ಹಣ್ಣಿನ ತೂಕ, ಜೊತೆಗೆ ಬಿದ್ದ ಮಳೆ ಇಂಚು ಮತ್ತು ಸೆಂಟುಗಳಲ್ಲಿ. ತಪ್ಪಾದರೆ ಅಂಕಿಯ ಮೇಲೆ ಅಂಕಿ ತೀಡುವಂತಿಲ್ಲ. ಒಂದು ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಸಕ್ಕರೆ ಕಾಯಿಲೆ ಬಂದ ಮೇಲೆ ಅದನ್ನೂ ಅವರು ಇದೇ ಶಿಸ್ತಿನಲ್ಲಿ ಬರೆಯುತ್ತಿದ್ದಾರೆ: ಸೋಮವಾರ ಮತ್ತು ಗುರುವಾರ ಬೆಳಗಿನ ಐದಕ್ಕೆ ಖಾಲಿ ಹೊಟ್ಟೆಯ ಸಕ್ಕರೆ, ದಿನಾ ರಕ್ತದೊತ್ತಡ, ಕೈಗಡಿಯಾರ ತೋರಿಸಿದ ಹೆಜ್ಜೆಗಳು. 2022ರಿಂದ ಈಚೆಗೆ ಮೂರು ನೋಟುಪುಸ್ತಕಗಳು ತುಂಬಿವೆ.

ಇಷ್ಟನ್ನು ಮೊಬೈಲಿನಲ್ಲಿ ಒಂದೊಂದಾಗಿ ಒತ್ತುತ್ತ ಕೂರಲು ನನ್ನಿಂದಾಗದು. ಹಾಸನದಲ್ಲಿ ಎಂಜಿನಿಯರಿಂಗ್ ಓದಿದವನು ನಾನು, ಆದೇಶ ಟೈಪು ಮಾಡುವ ಟರ್ಮಿನಲ್ ಪರದೆ ಎಂದರೆ ಹೆದರಿಕೆಯಿಲ್ಲ. ತಿಂಗಳ ಅಂಕಿಗಳನ್ನು ಒಂದು ಕಡತದಲ್ಲಿ ಟೈಪು ಮಾಡಿ, ಒಂದೇ ಆದೇಶದಲ್ಲಿ ನಿಮ್ಮ ಎಪಿಐಗೆ, ಅಂದರೆ ಹೊರಗಿನಿಂದ ಅಂಕಿ ಪಡೆಯುವ ನಿಮ್ಮ ಸರ್ವರಿನ ಬಾಗಿಲಿಗೆ, ಕಳುಹಿಸಬಹುದು ಎಂದು ನೀವು ಜಾಹೀರಾತು ಕೊಟ್ಟಿದ್ದರಿಂದಲೇ ವರ್ಷದ ಚಂದಾ ಕಟ್ಟಿದೆ.

ಜುಲೈ 31ರ ರಾತ್ರಿ ಒಂಬತ್ತಕ್ಕೆ ಆ ತಿಂಗಳ ಕಡತವನ್ನು ಕಳುಹಿಸಿದೆ. ಹೊರಗೆ ಜಡಿಮಳೆ. ಎರಡು ಸಲ ಸಂಪರ್ಕ ಕಡಿಯಿತು, 'ಮತ್ತೆ ಪ್ರಯತ್ನಿಸಿ' ಎಂದು ನಿಮ್ಮ ಉಪಕರಣವೇ ಹೇಳಿತು. ಮೂರನೆಯ ಸಲಕ್ಕೆ 'ಯಶಸ್ವಿ' ಎಂದು ಬಂತು. ಹಿಂದೆಯೇ ಕರೆಂಟು ಹೋಯಿತು, ನೆಟ್‌ವರ್ಕ್ ಹೋಯಿತು, ನಾವು ಮಲಗಿದೆವು.

ಅದೇ ಹೊತ್ತಿಗೆ ಮೈಸೂರಿನಲ್ಲಿರುವ ನನ್ನ ತಂಗಿಯ ಮೊಬೈಲಿನಲ್ಲಿ ನಿಮ್ಮ ಆ್ಯಪ್ ಕೂಗಿಕೊಂಡಿದೆ: ನಿಮ್ಮ ತಂದೆಯವರ ರಕ್ತದ ಸಕ್ಕರೆ 2,484, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವಳು ನಮಗೆ ಕರೆ ಮಾಡಿದರೆ ಎರಡೂ ಫೋನು ಸತ್ತಿವೆ. ಅತ್ತುಕೊಂಡು ಪಕ್ಕದ ತೋಟದವರಿಗೆ ಹೇಳಿದ್ದಾಳೆ. ಅವರು ಆ ಮಳೆಯಲ್ಲಿ ದಾರಿಗೆ ಬಿದ್ದಿದ್ದ ಸಿಲ್ವರ್ ಓಕ್ ಕೊಂಬೆಯನ್ನು ಎಳೆದು ಹಾಕಿ, ಜೀಪು ತೆಗೆದುಕೊಂಡು ಹನ್ನೊಂದು ಗಂಟೆಗೆ ನಮ್ಮ ಬಾಗಿಲು ಬಡಿದರು. ಬಾಗಿಲು ತೆಗೆದದ್ದು ನಮ್ಮ ತಂದೆಯೇ. ಕೈಯಲ್ಲಿ ಟಾರ್ಚು ಹಿಡಿದು, 'ಯಾರಿಗೆ ಹುಷಾರಿಲ್ಲ?' ಎಂದು ಅವರನ್ನೇ ಕೇಳಿದರು.

ನಡೆದದ್ದಿಷ್ಟು. ಜುಲೈ 7, ಸೋಮವಾರದ ಅಂಕಿ 138. ನಮ್ಮ ದೇಶದ ಗ್ಲುಕೋಮೀಟರುಗಳು ತೋರಿಸುವುದು ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ. ಬ್ರಿಟನ್ ಮುಂತಾದ ಕಡೆ ಲೀಟರಿಗೆ ಇಷ್ಟು ಮಿಲಿಮೋಲ್ ಎನ್ನುತ್ತಾರೆ, ಅಲ್ಲಿನ 1 ನಮ್ಮ 18ಕ್ಕೆ ಹೆಚ್ಚುಕಡಿಮೆ ಸಮ. ನನ್ನ ಕಡತದಲ್ಲಿ ಅಳತೆಮಾನದ ಕಾಲಂ ಬಿಟ್ಟುಹೋಗಿತ್ತು. ಅದು ನನ್ನ ತಪ್ಪು, ಗೀಟು ಎಳೆದು ಸಹಿ ಹಾಕುತ್ತೇನೆ. ಆದರೆ ಕಾಲಂ ಇಲ್ಲದಿದ್ದರೆ ಉಪಕರಣ ಕೇಳಬೇಕಿತ್ತು, ಕಡತವನ್ನು ವಾಪಸು ಮಾಡಬೇಕಿತ್ತು. ಅದು ತಾನೇ ಮಿಲಿಮೋಲ್ ಎಂದುಕೊಂಡು 138ನ್ನು 18ರಿಂದ ಗುಣಿಸಿತು. ಸಾಮಾನ್ಯ ಗ್ಲುಕೋಮೀಟರೇ 600 ದಾಟಿದರೆ ಅಂಕಿ ತೋರಿಸುವುದನ್ನು ಬಿಟ್ಟು 'ಹೈ' ಎಂದು ಕೈಚೆಲ್ಲುತ್ತದೆ. 2,484 ಎಂಬುದು ಬಂದಾಗ ನಿಮ್ಮ ಸರ್ವರಿಗೆ ಅನುಮಾನವೇ ಹುಟ್ಟಲಿಲ್ಲವೇ? ಅದೂ ಮೂರು ವಾರ ಹಳೆಯ ಅಂಕಿಗೆ ಆ ರಾತ್ರಿ ಎಚ್ಚರಿಕೆ!

ಇದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಸದ್ದೇ ಮಾಡದ ಇನ್ನೊಂದು ತಪ್ಪು. ಬೆಳಿಗ್ಗೆ 5 ಗಂಟೆಯ ಅಂಕಿಗೆ ನಾನು +05:30, ಅಂದರೆ ಭಾರತದ ಸಮಯ, ಎಂದು ಸರಿಯಾಗಿಯೇ ಸೂಚಿಸಿದ್ದೇನೆ. ನೀವು ಅದನ್ನು ಯುಟಿಸಿಗೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯಕ್ಕೆ, ಬದಲಿಸಿ ಇಟ್ಟುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ತೋರಿಸುವಾಗ ನಮ್ಮ ಗಡಿಯಾರಕ್ಕೆ ತರುವುದಿಲ್ಲವಲ್ಲ, ತಕರಾರು ಅದು. ಹೀಗಾಗಿ ಸೋಮವಾರ ನಸುಕಿನ ಅಂಕಿ ಭಾನುವಾರ ರಾತ್ರಿ 11:30ಕ್ಕೆ ಹೋಗಿ ಕೂತಿದೆ. ರಾತ್ರಿಯಾದ್ದರಿಂದ ಅದರ ಪಕ್ಕ 'ಊಟದ ನಂತರ' ಎಂಬ ಚೀಟಿಯನ್ನೂ ನೀವೇ ಅಂಟಿಸಿದ್ದೀರಿ. ಖಾಲಿ ಹೊಟ್ಟೆಯ 138 ಕಂಡರೆ ವೈದ್ಯರು ಮಾತ್ರೆಯ ಬಗ್ಗೆ ಯೋಚಿಸುತ್ತಾರೆ, ಊಟದ ನಂತರದ 138 ಕಂಡರೆ ತಲೆದೂಗಿ ಕಳುಹಿಸುತ್ತಾರೆ. ಚಿಕ್ಕಮಗಳೂರಿನ ನಮ್ಮ ವೈದ್ಯರಿಗೆ ನಾನು ತೋರಿಸಬೇಕೆಂದಿದ್ದುದು ಇದೇ ಪಟ್ಟಿಯನ್ನು. ನಮ್ಮ ತಂದೆ ಬೆಳಿಗ್ಗೆ ಅಳೆದ ಮಳೆಯನ್ನು ಹಿಂದಿನ ದಿನದ ಲೆಕ್ಕಕ್ಕೆ ಬರೆಯುತ್ತಿದ್ದರು, ಅದು ಹಿಂದಿನ ದಿನದಿಂದ ಬಿದ್ದ ಮಳೆ ಎಂಬ ಕಾರಣಕ್ಕೆ. ಸಕ್ಕರೆ ಮಳೆಯಲ್ಲ.

'ಯಶಸ್ವಿ' ಎಂಬ ಆ ಮಾತಿಗೆ ಬರುತ್ತೇನೆ. 31 ದಿನಗಳ ರಕ್ತದೊತ್ತಡದಲ್ಲಿ 27 ಮಾತ್ರ ಸೇರಿವೆ. ಉಳಿದ ನಾಲ್ಕು ಏಕೆ ಬಿದ್ದುಹೋದವು ಎಂಬ ಒಂದು ಸಾಲೂ ಇಲ್ಲ, ಕೆಲಸ ಮುಗಿದಾಗ ಉಪಕರಣ ಕೊಡುವ ಎಕ್ಸಿಟ್ ಕೋಡ್ ಮಾತ್ರ ಸೊನ್ನೆ, ಅಂದರೆ ಎಲ್ಲವೂ ಕ್ಷೇಮ. ಕಳುಹಿಸಿದ್ದರಲ್ಲಿ ತಪ್ಪಿದ್ದರೆ 400, ಟೋಕನ್ (ಖಾತೆಗೆ ಪ್ರವೇಶ ಕೊಡುವ ಗುಟ್ಟಿನ ಪದ) ಸರಿಯಿಲ್ಲದಿದ್ದರೆ 401, ಕೋರಿಕೆಗಳು ಮಿತಿ ಮೀರಿದ್ದರೆ 429 ಎಂದು ಸರ್ವರ್ ಅಂಕಿಯಲ್ಲೇ ಹೇಳುವ ಭಾಷೆಯನ್ನು ಲೋಕವೆಲ್ಲ ಒಪ್ಪಿಕೊಂಡು ಎಷ್ಟೋ ಕಾಲವಾಯಿತು. ಇನ್ನು ಹೆಜ್ಜೆಗಳ ಕಥೆ. ಸಂಪರ್ಕ ಕಡಿದ ಆ ಎರಡು ಸಲವೂ ಅಂಕಿಗಳು ನಿಮ್ಮನ್ನು ತಲುಪಿದ್ದವು, ಉತ್ತರ ಮಾತ್ರ ನನಗೆ ತಲುಪಿರಲಿಲ್ಲ. ಪ್ರತಿ ಸಾಲಿಗೂ ಒಂದು ಗುರುತುಸಂಖ್ಯೆ ಕೊಟ್ಟಿದ್ದರೆ ಅದೇ ಸಾಲು ಮತ್ತೆ ಬಂದಾಗ ಸರ್ವರ್ ಬಿಟ್ಟುಬಿಡುತ್ತಿತ್ತು. ಈಗ 5,400 ಹೆಜ್ಜೆ ನಡೆದ ದಿನ 16,200 ಆಗಿದೆ. 76ರ ಪ್ರಾಯದ ಮಂಡಿನೋವಿನ ಮನುಷ್ಯ ತಿಂಗಳಿಡೀ ಮುಳ್ಳಯ್ಯನಗಿರಿ ಹತ್ತಿ ಇಳಿದಂತೆ ಕಾಣುತ್ತಿದೆ.

ಇವೆಲ್ಲವನ್ನೂ ಅಳಿಸೋಣವೆಂದರೆ ನಿಮ್ಮ ಉಪಕರಣದಲ್ಲಿ ಸೇರಿಸುವ ಆದೇಶವಿದೆ, ಅಳಿಸುವ ಆದೇಶವಿಲ್ಲ. ಸಹಾಯವಾಣಿಯವರು ಮೊದಲು ಮೊಬೈಲನ್ನು ಆರಿಸಿ ಹಾಕಲು ಹೇಳಿದರು. ಆಮೇಲೆ ಆ್ಯಪ್ ತೆಗೆದು ಮತ್ತೆ ಹಾಕಲು ಹೇಳಿದರು. ಕೊನೆಗೆ, ಒಂದೊಂದು ಸಾಲನ್ನೂ ಆ್ಯಪ್‌ನಲ್ಲಿ ತೆರೆದು ಕೈಯಾರೆ ಅಳಿಸಿ ಎಂದರು. ಒಟ್ಟಿಗೆ ಕೆಡಿಸಿದ್ದನ್ನು ಬಿಡಿಬಿಡಿಯಾಗಿ ಅಳಿಸುವ ಕೂಲಿ ನನ್ನದೇ?

ನನ್ನ ಬೇಡಿಕೆ ಹೀಗಿದೆ. ಜುಲೈ 31ರಂದು ನನ್ನ ಖಾತೆಗೆ ಸೇರಿದ ಅಂಕಿಗಳ ಮೂರೂ ಕಂತುಗಳನ್ನು ನಿಮ್ಮ ಕಡೆಯಿಂದಲೇ ಪೂರ್ತಿ ಅಳಿಸಿ ಲಿಖಿತವಾಗಿ ತಿಳಿಸಬೇಕು. ಅಳತೆಮಾನವಿಲ್ಲದ ಸಕ್ಕರೆಯ ಅಂಕಿಯನ್ನು ಉಪಕರಣ ತೆಗೆದುಕೊಳ್ಳಕೂಡದು. ಸಮಯವನ್ನು ಬಳಕೆದಾರರ ಗಡಿಯಾರದಲ್ಲೇ ತೋರಿಸಬೇಕು, ಎಷ್ಟು ಸಾಲು ಸೇರಿತು, ಎಷ್ಟು ಬಿತ್ತು, ಏಕೆ ಬಿತ್ತು ಎಂದು ಹೇಳಬೇಕು, ಕಂತನ್ನು ಹಿಂತೆಗೆಯುವ ಆದೇಶ ಕೊಡಬೇಕು. ಅಂದಹಾಗೆ, ನಿಮ್ಮ ಸಹಾಯ ಪುಟದ ಉದಾಹರಣೆಯಲ್ಲಿ ಟೋಕನನ್ನು ಆದೇಶದ ಸಾಲಿನಲ್ಲೇ ಬರೆಯಲು ಹೇಳಿದ್ದೀರಿ. ಹಾಗೆ ಬರೆದದ್ದು ಟರ್ಮಿನಲ್ಲಿನ ಇತಿಹಾಸದ ಕಡತದಲ್ಲಿ ಉಳಿದುಬಿಡುತ್ತದೆ, ಆ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ನಮ್ಮ ತಂದೆಯ ಆರೋಗ್ಯದ ಬೀಗದ ಕೈ ಸಿಕ್ಕಂತೆ. ಅದನ್ನು ಇಂದೇ ತೆಗೆಯಿರಿ. ಕಟ್ಟಿದ ಚಂದಾ ಹಣವನ್ನೂ ಮರಳಿಸಬೇಕು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಅಲ್ಲಿಗೂ ಬಗೆಹರಿಯದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ನಿಮ್ಮ ಕಚೇರಿ ಎಲ್ಲೇ ಇರಲಿ, ನೀವೇ ಘಾಟಿ ಹತ್ತಿ ಬರಬೇಕಾಗುತ್ತದೆ.

ನಿಮ್ಮ ಪರದೆಯನ್ನು ನಮ್ಮ ತಂದೆಗೂ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. 2,484ರ ಮೇಲೆ ಬೆರಳಿಟ್ಟು, 'ಇದನ್ನು ಬರೆದವರು ಯಾರು? ಸಹಿ ಎಲ್ಲಿದೆ?' ಎಂದು ಕೇಳಿದರು. ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಇಂತು,
ನಿಮ್ಮ ಚಂದಾದಾರ

ಲಗತ್ತುಗಳು: ನೋಟುಪುಸ್ತಕದ ಜುಲೈ ತಿಂಗಳ ಪುಟಗಳ ಛಾಯಾಪ್ರತಿ (14ನೇ ತಾರೀಕಿನ ಸಾಲಿನಲ್ಲಿ ಒಂದು ಗೀಟು ಮತ್ತು ಸಹಿ ಇದೆ), ಟರ್ಮಿನಲ್ ಪರದೆಯ ಚಿತ್ರ, ಚಂದಾ ಕಟ್ಟಿದ ರಸೀದಿ.