ನಿನ್ನ ಜೀಪು ಬಿಚ್ಚಿದ್ದೇನೆ, ಬೈಯಬೇಡ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಕಾಗದ. ನಿನ್ನ ಜೀಪು ಬಿಚ್ಚಿದ್ದೇನೆ. ಅದೇ, ಸಾಗರದ ಜಾತ್ರೆಯಲ್ಲಿ ಹಟ ಮಾಡಿ ತೆಗೆಸಿಕೊಂಡ ಬೆರಳುದ್ದದ ಜೀಪು. ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ನೈಲ್ ಪಾಲಿಶ್ ಬಾಟಲಿ ಖಾಲಿ ಮಾಡಿ ಬಳಿದಿದ್ದೆಯಲ್ಲ, ಅದು.

ಈ ಸಲದ ಮಳೆ ಕೇಳಬೇಡ ಮಾರಾಯ್ತಿ. ಮೂರು ದಿನ ಕರೆಂಟಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಅಟ್ಟದಲ್ಲಿ ಏನೋ ಹುಡುಕುವಾಗ ಜೀಪು ಸಿಕ್ಕಿತು. ಗುಲಾಬಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಅಜ್ಜನ ಜೀಪಿನ ಹಸಿರು ಹೊಡೆದು, ಚೌತಿಗೆ ನೀನು ಬಂದಾಗ ಸುಮ್ನೆ ಕೈಗಿಡೋಣ ಅನ್ನಿಸಿತು. ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಇದಕ್ಕೆ ಸ್ಕ್ರೂ ಇರುವುದಿಲ್ಲ. ಮೈಯಿಂದ ಇಳಿದ ಎರಡು ಪುಟ್ಟ ಗೂಟಗಳ ತುದಿಯನ್ನು ಜಜ್ಜಿ ತಳವನ್ನು ಹಿಡಿಸಿರುತ್ತಾರೆ. ಆ ಜಜ್ಜಿದ ತಲೆಯ ನಡುವೆ ಮೊಳೆಯಲ್ಲಿ ಒಂದು ಚುಕ್ಕಿ ಕುಟ್ಟಿ, 3 ಮಿ.ಮೀ. ಡ್ರಿಲ್ ಬಿಟ್ ಹಾಕಿ ನಿಧಾನಕ್ಕೆ ಕೊರೆದರೆ ತಳ ಕಳಚಿ ಬರುತ್ತದೆ. ಮೈ ಕಬ್ಬಿಣದ್ದಲ್ಲ. ಹೆಚ್ಚಿನ ಪಾಲು ಸತು, ಸ್ವಲ್ಪ ಅಲ್ಯೂಮಿನಿಯಂ. ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಡದಲ್ಲಿ ನುಗ್ಗಿಸಿ ಮಾಡುತ್ತಾರೆ. ಹಾಗಾಗಿ ಬಿಟ್ ಕೊಬ್ಬರಿಯೊಳಗೆ ಹೋದ ಹಾಗೆ ಹೋಗುತ್ತದೆ. ಗೊತ್ತಿಲ್ಲದೆ ಜೋರಾಗಿ ಒತ್ತಿದೆ, ಮೊದಲ ಗೂಟ ಅರ್ಧ ಪುಡಿಯಾಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಇಡೀ ಜೀಪನ್ನು ಥಿನ್ನರಿನಲ್ಲಿ ಮುಳುಗಿಸಿಟ್ಟು ಊಟಕ್ಕೆ ಹೋದೆ. ವಾಪಸ್ ಬಂದು ನೋಡಿದರೆ ನೈಲ್ ಪಾಲಿಶ್ ಪೂರ್ತಿ ಕರಗಿ ಥಿನ್ನರೇ ಗುಲಾಬಿಯಾಗಿದೆ. ಕರಗದೆ ಇನ್ನೇನು, ನೈಲ್ ಪಾಲಿಶೂ 1920ರ ದಶಕದ ಕಾರುಗಳ ಬಣ್ಣವೂ ಒಂದೇ ಮನೆತನದವು. ಎರಡರಲ್ಲೂ ಥಿನ್ನರಿನಲ್ಲಿ ಕರಗುವ ನೈಟ್ರೋಸೆಲ್ಯುಲೋಸ್. ಅಂದರೆ ನೀನು ಬಳಿದದ್ದು ಸರಿಯಾದ ಕಾರಿನ ಬಣ್ಣವನ್ನೇ! ಕೆಟ್ಟದ್ದು ಮುಂದಿನ ಗಾಜು. ಪ್ಲಾಸ್ಟಿಕ್ಕಿನದಲ್ವಾ, ಮಜ್ಜಿಗೆಯ ಹಾಗೆ ಬೆಳ್ಳಗಾಗಿ ಬಿರುಕು ಬಿಟ್ಟಿತು. ಅದನ್ನು ಮೊದಲೇ ತೆಗೆದಿಡಬೇಕು ಅಂತ ಆಮೇಲೆ ತಿಳಿಯಿತು. ಬಿಸ್ಕತ್ತಿನ ಪ್ಯಾಕೆಟ್ಟಿನ ಟ್ರೇ ಕತ್ತರಿಸಿ ಬೇರೆ ಗಾಜು ಮಾಡಿದ್ದೇನೆ, ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ.

ಮಗಳ ಆಟಿಕೆಗೆ ಕೈ ಹಾಕಿದ ಅಪ್ಪ ನಾನೊಬ್ಬನೇ ಅಲ್ಲ. ಇಂಗ್ಲೆಂಡಿನಲ್ಲಿ ಜಾಕ್ ಓಡೆಲ್ ಅಂತ ಇದ್ದ. ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಅಂತ ಅವನ ಮಗಳ ಶಾಲೆಯಲ್ಲಿ ನಿಯಮ. ಅವನು ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. 1953ರಲ್ಲಿ ಶುರುವಾದ ಮ್ಯಾಚ್‌ಬಾಕ್ಸ್ ಕಾರುಗಳ ಹುಟ್ಟು ಅಲ್ಲಿಂದ. ಅವನು ಮಾಡಿಕೊಟ್ಟ, ನಾನು ಕೆಡಿಸಿದೆ, ಅಷ್ಟೇ ವ್ಯತ್ಯಾಸ.

ಬಣ್ಣದ ಕತೆ ಇನ್ನೊಂದು. ಮೊದಲ ಸಲ ಸ್ಪ್ರೇ ಹೊಡೆದಾಗ ಹಸಿರಿನ ಮೇಲೆ ಬೂದಿ ಬಳಿದ ಹಾಗಾಯಿತು. ಪೇಟೆಯ ಗ್ಯಾರೇಜಿನ ಪೇಂಟರ್ ನಕ್ಕುಬಿಟ್ಟ. ಥಿನ್ನರ್ ಆರುವಾಗ ಲೋಹ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಆಷಾಢದಲ್ಲಿ ಯಾರಾದ್ರೂ ಬಣ್ಣ ಹೊಡೀತಾರಾ ಅಂದ. ಒಂದು ಹೊತ್ತು ಬಿಸಿಲು ಬೀಳಲಿ ಅಂತ ಹನ್ನೊಂದು ದಿನ ಕಾದೆ. ಕೊನೆಗೆ ಬಿಸಿಲು ಬಿದ್ದ ದಿನವೇ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿಯನ್ನೂ ಹೊಡೆಯಬೇಕು! "ಔಷಧಿ ಹೊಡೆಯುವ ಕೊನೆಗೌಡರು ಉದ್ದದ ದೋಟಿ ಹಿಡಿದು ಅಂಗಳದಲ್ಲಿ ನಿಂತಿದ್ದಾರೆ, ನೀವು ಆಟದ ಜೀಪಿಗೆ ಹೊಡೆಯುತ್ತಾ ಕೂತಿದ್ದೀರಿ" ಅಂತ ಅಮ್ಮ ಕೂಗಿದ್ದು ಆಚೆ ಮನೆಗೂ ಕೇಳಿರಬೇಕು.

ಆದರೂ ಹೊಡೆದೆ. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಗೇಣುದ್ದ ದೂರದಿಂದ, ತೆಳುವಾಗಿ ಮೂರು ಕೋಟ್. ದಪ್ಪ ಆಗಲೇಬಾರದು. ಇಂಥ ಜೀಪು ಸುಮಾರು 64 ಸಾಲಾಗಿ ಇಟ್ಟರೆ ಅಜ್ಜನ ಜೀಪಿನಷ್ಟು ಉದ್ದವಾಗುತ್ತದೆ. ಹಾಗಾದರೆ ಕಾಗದದಷ್ಟು ದಪ್ಪ ಬಣ್ಣ ಇದರ ಮೇಲೆ ಕೂತರೆ, ಅಜ್ಜನ ಜೀಪಿಗೆ ಅರ್ಧ ಬೆರಳು ದಪ್ಪ ಗಾರೆ ಮೆತ್ತಿದ ಲೆಕ್ಕ. ಬಾಗಿಲಿನ ಗೀರೆಲ್ಲ ಮುಚ್ಚಿಹೋಗುತ್ತದೆ.

ಹೊಸ ಹಸಿರು ಥಳಥಳ ಅನ್ನುತ್ತಿತ್ತು. ಇಷ್ಟವಾಗಲಿಲ್ಲ. ಅಜ್ಜನ ಜೀಪು ಎಂದಾದರೂ ಹಾಗಿತ್ತಾ? ಮನೆ ಬಾಗಿಲಿಗೆ ಬಳಿದು ಉಳಿದ ಎನಾಮೆಲ್ಲನ್ನು ಬ್ರಷ್ಷಿನಲ್ಲಿ ಹೊಡೆದಿದ್ದರು. ಅದಕ್ಕೇ ಹೋದ ವರ್ಷ ಅಡಿಕೆ ಬೇಯಿಸಿ ಉಳಿದ ಕಂದು ರಸ, ಚೊಗರು, ನೆನಪಾಯಿತು. ಒಂದು ಹನಿ ಚೊಗರು, ಜಾರದಿರಲಿ ಅಂತ ಚೂರು ಪಾತ್ರೆ ತೊಳೆಯುವ ಸೋಪು. ಸಣ್ಣ ಬ್ರಷ್ಷಿನಲ್ಲಿ ಬಾನೆಟ್ಟಿನ ಅಂಚಿಗೆ, ಬಾಗಿಲಿನ ಗೀರಿಗೆ ಬಿಟ್ಟೆ. ಹರಿದು ಹೋಗಿ ಗೀರಿನೊಳಗೇ ಕೂತಿತು, ಹಳೇ ತುಕ್ಕಿನ ಬಣ್ಣ. ಚಕ್ರದ ಮೇಲೆ ಅಂಗಳದ ಕೆಂಪು ಮಣ್ಣು, ಬಟ್ಟೆಯಲ್ಲಿ ಸೋಸಿದ್ದು. ಈಗ ನಿಟ್ಟೂರಿನಿಂದ ಕೊಡಚಾದ್ರಿ ಹತ್ತಿ ಇಳಿದು ಬಂದ ಹಾಗಿದೆ.

ಒಂದು ವಿಷಯ ಮರೆತೆ. ನೈಲ್ ಪಾಲಿಶ್ ಹೋದ ಮೇಲೆ ಹಿಂಭಾಗದಲ್ಲಿ ಏನೋ ಗೀಚಿದ್ದು ಕಂಡಿತು. ಅಜ್ಜನ ಕನ್ನಡಕ ಹಾಕಿ ನೋಡಿದೆ. "ಕೆಎ 15", ನಮ್ಮ ಸಾಗರದ ಗಾಡಿಗಳ ನಂಬರು. ಕೈವಾರದ ಮುಳ್ಳಿನಲ್ಲಿ ಕೊರೆದಿದ್ದೀಯ, 5 ಉಲ್ಟಾ ಇದೆ. ಅಡಿಬಣ್ಣದ ಪ್ರೈಮರ್ ಬಿದ್ದರೆ ಮುಚ್ಚಿಹೋಗುತ್ತದೆ ಅಂತ ಅಲ್ಲಿ ಟೇಪ್ ಅಂಟಿಸಿ ಹೊಡೆದೆ. ಅಷ್ಟು ಜಾಗ ಬರೀ ಲೋಹ.

ಎಡಬಾಗಿಲಿಗೂ ಹಸಿರು ಹಚ್ಚಿಲ್ಲ, ಪ್ರೈಮರ್ ಅಷ್ಟೇ. ಅಮ್ಮ ಅದೇ ಗುಲಾಬಿಯ ಬಾಟಲಿ ತಂದಿಟ್ಟಿದ್ದಾಳೆ, ನೀನೇ ಬಳಿ.

ಬರುವಾಗ ಬೆಂಗಳೂರಿನ ಎಸ್.ಪಿ. ರೋಡಿನಿಂದ 2 ಮಿ.ಮೀ. ಸ್ಕ್ರೂ ನಾಲ್ಕು ತಾ. ಎರಡು ಸಾಕು, ಆದರೆ ನನ್ನ ಕೈ ನಿನಗೆ ಗೊತ್ತಲ್ಲ. ಸದ್ಯಕ್ಕೆ ತಳ ರಬ್ಬರ್ ಬ್ಯಾಂಡಿನಲ್ಲಿ ನಿಂತಿದೆ.

ಇಂತಿ,
ಅಪ್ಪ