ಕೈ ಕೇಳುವುದಿಲ್ಲ ಎಂದು ಬರೆದ ಪುಳ್ಳಿಗೆ

ನೀರ್ಚಾಲು

ಚಿರಂಜೀವಿ ಪುಳ್ಳಿಗೆ ಅಜ್ಜನ ಆಶೀರ್ವಾದಗಳು.

ಹಾಸ್ಟೆಲಿನ ಊಟ, ಪರೀಕ್ಷೆಯ ದಿನ, ಇವೆಲ್ಲವನ್ನೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯಾಗಿದೆ, ಅವನ್ನು ಬಿಡುತ್ತೇನೆ. ಪತ್ರದ ಕೊನೆಯಲ್ಲಿ, ಬೇರೆ ಮಾತಿನ ನಡುವೆ ತೂರಿಸಿದ ಹಾಗೆ, ‘ಮೇಲಿನ ದವಡೆಯ ಹಲ್ಲನ್ನು ಕನ್ನಡಿಯಲ್ಲಿ ನೋಡಿ ಕೊರೆಯುವಾಗ ಕೈ ನಾನು ಹೇಳಿದ ಕಡೆಗೆ ಹೋಗುವುದಿಲ್ಲ, ಯೋಚಿಸಿದಷ್ಟೂ ತಪ್ಪುತ್ತದೆ, ನನ್ನದು ಈ ಕೆಲಸಕ್ಕೆ ಆಗುವ ಕೈಯಲ್ಲ ಅಜ್ಜ’ ಎಂದು ಬರೆದಿದ್ದೀಯಲ್ಲ, ಆ ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಹಲ್ಲಿನ ವೈದ್ಯಕೀಯದ ಬಗ್ಗೆ ನನಗೆ ಗೊತ್ತಿರುವುದು ಆ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವನಿಗೆ ಗೊತ್ತಿರುವಷ್ಟೇ. ಆದರೆ ಕನ್ನಡಿಯಲ್ಲಿ ನೋಡಿ ಕೈ ಆಡಿಸುವ ಕಷ್ಟ ನನಗೆ ಹೊಸದಲ್ಲ. ನಾನು ಬಿ.ಎಡ್. ಓದುವಾಗ ಮನಃಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಒಂದು ನಕ್ಷತ್ರದ ಚಿತ್ರವನ್ನು ಮುಂದಿಟ್ಟು, ಅದು ನೇರವಾಗಿ ಕಾಣದಂತೆ ತಗಡು ಅಡ್ಡವಿಟ್ಟು, ಆಚೆ ನೆಟ್ಟಗೆ ನಿಲ್ಲಿಸಿದ ಕನ್ನಡಿಯನ್ನು ಮಾತ್ರ ನೋಡುತ್ತ ಅದರ ಜೋಡಿಗೆರೆಗಳ ನಡುವೆ ಪೆನ್ಸಿಲ್ ಎಳೆಯಲು ಹೇಳುತ್ತಿದ್ದರು. ಅಂಥ ಕನ್ನಡಿಯಲ್ಲಿ ಎಡಬಲ ಇದ್ದ ಹಾಗೆಯೇ ಇರುತ್ತದೆ. ಅದಲುಬದಲಾಗುವುದು ಹತ್ತಿರ ಮತ್ತು ದೂರ. ಆದ್ದರಿಂದ ಅಡ್ಡಗೆರೆ ಸಲೀಸಾಗಿ ಸಾಗುತ್ತದೆ, ಓರೆಗೆರೆ ಬಂದೊಡನೆ ಅರ್ಧ ದಿಕ್ಕು ಸರಿ, ಇನ್ನರ್ಧ ತಿರುಗಾಮುರುಗಾ. ಮೂಲೆಗೆ ಬಂದ ಪೆನ್ಸಿಲ್ ಅಲ್ಲೇ ನಡುಗುತ್ತ, ಮುಂದೆ ಹೋಗು ಎಂದರೆ ಹಿಂದೆ ಬಂದು, ಇದ್ದ ಜಾಗದಲ್ಲೇ ಗೀಚಿ ಗೀಚಿ ಕಾಗದವನ್ನು ಕಪ್ಪು ಮಾಡುತ್ತಿತ್ತು. ನನ್ನ ಕನ್ನಡಿಯಾದರೂ ಇಟ್ಟಲ್ಲೇ ಇತ್ತು. ನಿನ್ನದನ್ನು ನೀನೇ ಕೈಯಲ್ಲಿ ಹಿಡಿದು ಗಳಿಗೆಗೊಮ್ಮೆ ಓರೆ ಮಾಡಬೇಕು.

ನಾನು ಹೇಳಬೇಕೆಂದಿರುವುದು ಆ ಪ್ರಯೋಗದ ಎರಡನೆಯ ಭಾಗ. ಮೊದಲು ಎಡಗೈಯಲ್ಲಿ ಒಂದು ಸಲ ಬರೆದು ತಪ್ಪುಗಳನ್ನು ಎಣಿಸಿಡಬೇಕು, ಆಮೇಲೆ ಬಲಗೈಗೆ ಮಾತ್ರ ಅಭ್ಯಾಸ ಮಾಡಿಸಬೇಕು, ಕೊನೆಗೆ ಮತ್ತೆ ಎಡಗೈಯಲ್ಲಿ ಬರೆಯಬೇಕು. ಅಷ್ಟು ಹೊತ್ತೂ ಮಡಿಲಲ್ಲಿ ಸುಮ್ಮನಿದ್ದ ಎಡಗೈಯ ತಪ್ಪುಗಳೂ ಸಾಮಾನ್ಯವಾಗಿ ಇಳಿದಿರುತ್ತವೆ. ಹಾಗಾದರೆ ಕಲಿತದ್ದು ಯಾವುದು? ಕಣ್ಣಿಗೆ ಕಾಣುವ ದಿಕ್ಕಿಗೂ ಕೈ ಸಾಗಬೇಕಾದ ದಿಕ್ಕಿಗೂ ಮಿದುಳಿನಲ್ಲಿ ಒಂದು ಹೊಸ ಲೆಕ್ಕ ಕೂಡಿಕೊಂಡಿದೆ, ಅದರ ಲಾಭ ಎರಡು ಕೈಗಳಿಗೂ ಸಿಗುತ್ತದೆ. ಹೀಗಿರುವಾಗ ನೀನು ನಿನ್ನ ಕೈಯ ಮೇಲೆ ಕೊಟ್ಟ ತೀರ್ಪನ್ನು ನಾನು ಹೇಗೆ ಒಪ್ಪಲಿ?

ಇನ್ನೊಂದು ಸಂಗತಿಯನ್ನು ನಿವೃತ್ತಿಯ ಮೇಲೆ ಓದಿದೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಅಪಸ್ಮಾರದ ಕಾಟ ತಪ್ಪಲೆಂದು ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಹೊಸದೇನೂ ನೆನಪಿನಲ್ಲಿ ಉಳಿಯದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಂದ ಇದೇ ಕನ್ನಡಿ ನಕ್ಷತ್ರವನ್ನು ಮೂರು ದಿನ ಬರೆಸಿದರು. ನಿನ್ನೆ ಬರೆದದ್ದೇ ಅವರಿಗೆ ನೆನಪಿರುತ್ತಿರಲಿಲ್ಲ, ಆದರೂ ತಪ್ಪುಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂದವು. ಕಲಿತಿದ್ದೇನೆಂಬ ಅರಿವೇ ಇಲ್ಲದವರಿಗೂ ಕಲಿಕೆ ನಡೆಯಿತೆಂದ ಮೇಲೆ, ಏನೂ ಬರುತ್ತಿಲ್ಲವೆಂದು ನಿನಗೆ ಅನ್ನಿಸುವುದನ್ನು ಅಷ್ಟೊಂದು ನಂಬಬೇಡ.

ನಿನ್ನ ಮಾತು ನನ್ನನ್ನು ಇಷ್ಟು ಕಲಕಲು ಕಾರಣವಿದೆ. ಹುಡುಗನಾಗಿದ್ದಾಗ ನನ್ನನ್ನು ಯಕ್ಷಗಾನದ ಮದ್ದಳೆ ಕಲಿಯಲು ಕಳುಹಿಸುತ್ತಿದ್ದರು. ನಾನು ಬೆರಳುಗಳನ್ನೇ ದಿಟ್ಟಿಸುತ್ತಿದ್ದೆ, ಅವು ಮರಗಟ್ಟುತ್ತಿದ್ದವು. ‘ಕೈಯನ್ನು ನೋಡಬೇಡ, ಬಾಯಿತಾಳ ಹೇಳು, ಕಿವಿ ಎಲ್ಲಿಟ್ಟಿದ್ದೀ’ ಎಂದು ಗುರುಗಳು ಗದರಿಸುತ್ತಿದ್ದರು. ಅಷ್ಟರಲ್ಲಿ ಅಪ್ಪ ಒಂದು ದಿನ ಚಾವಡಿಯಲ್ಲಿ ಹತ್ತು ಜನರ ಎದುರು ‘ಇವನದು ಆಗುವ ಕೈಯಲ್ಲ’ ಎಂದರು, ಪಾಠ ಅಲ್ಲಿಗೆ ನಿಂತಿತು. ಈಗಲೂ ಆಟಕ್ಕೆ ಹೋದರೆ ವೇಷಗಳನ್ನು ಬಿಟ್ಟು ಮದ್ದಳೆಗಾರರ ಬೆರಳನ್ನೇ ನೋಡುತ್ತ ಕೂರುತ್ತೇನೆ. ಅಪ್ಪನ ಮೇಲೆ ಸಿಟ್ಟಿಲ್ಲ. ಆದರೆ ಅವರ ಬಾಯಿಯಿಂದ ಕೇಳಿದ ಅದೇ ಮಾತನ್ನು ಯಾರೂ ಹೇಳದೆಯೇ ನೀನಾಗಿ ಬರೆದದ್ದನ್ನು ಓದಿ ಸಂಕಟವಾಯಿತು.

ಯೋಚಿಸಿದಷ್ಟೂ ತಪ್ಪುತ್ತದೆ ಎಂದೆಯಲ್ಲ, ಅದು ಪೂರ್ತಿ ಸುಳ್ಳಲ್ಲ. ಮನಃಶಾಸ್ತ್ರಜ್ಞರಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ಇಂಥ ಕಲಿಕೆಯ ಮೂರು ಹಂತಗಳನ್ನು ಹೇಳಿದ್ದಾರೆ: ಮೊದಲನೆಯದರಲ್ಲಿ ಪ್ರತಿಯೊಂದನ್ನೂ ಯೋಚಿಸಿಯೇ ಮಾಡಬೇಕು, ಕೊನೆಯದರಲ್ಲಿ ಕೆಲಸ ತನ್ನಷ್ಟಕ್ಕೆ ನಡೆಯುತ್ತದೆ. ನೀನಿನ್ನೂ ಮೊದಲನೆಯದರಲ್ಲಿದ್ದೀಯಾದ್ದರಿಂದ ಯೋಚನೆಯನ್ನು ಬಿಡಲಾಗದು, ಎಲ್ಲಿ ಇಡಬೇಕೆಂಬುದಷ್ಟೇ ಪ್ರಶ್ನೆ. ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸ್ಕೀಯಿಂಗ್ ಅಭ್ಯಾಸದ ಯಂತ್ರದ ಮೇಲೆ ನಿಂತವರ ಪೈಕಿ ಸ್ವಂತ ಪಾದಗಳ ಮೇಲೆ ಗಮನವಿಟ್ಟವರಿಗಿಂತ ಪಾದದಡಿಯ ಗಾಲಿಗಳ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಗುರುಗಳು ಗದರಿಸುತ್ತಿದ್ದುದೂ ಬಹುಶಃ ಇದನ್ನೇ. ಮಣಿಕಟ್ಟು ಯಾವ ಕಡೆ ತಿರುಗಬೇಕೆಂದು ಎಣಿಸುವ ಬದಲು, ಕನ್ನಡಿಯಲ್ಲಿ ಕಾಣುವ, ಹಲ್ಲು ಕೊರೆಯುವ ಬರ್‌ನ ತುದಿ ಹಲ್ಲಿನ ಯಾವ ಅಂಚಿಗೆ ತಾಗಬೇಕೆಂಬುದನ್ನು ನೋಡಿಕೊಂಡರೆ ಹೇಗೆ? ಅನುಭವವಿಲ್ಲದವನ ಮಾತಿದು, ನಿನ್ನ ಅಧ್ಯಾಪಕರು ಬೇರೆ ಹೇಳಿದರೆ ಅವರದೇ ಸರಿ.

ಕೈ ಬಿಗಿಯಾಗುತ್ತದೆಂದು ಹೆದರಬೇಡ. ಹೊಸದಾಗಿ ಕಲಿಯುವವರು ಕೀಲುಗಳನ್ನು ಬಿಗಿ ಹಿಡಿದುಕೊಳ್ಳುತ್ತಾರೆ, ಪಳಗಿದಂತೆ ಒಂದೊಂದಾಗಿ ಸಡಿಲಬಿಡುತ್ತಾರೆ ಎಂದು ರಷ್ಯದ ದೇಹಚಲನೆಯ ವಿಜ್ಞಾನಿ ಬರ್ನ್‌ಸ್ಟೈನ್ ಎಂದೋ ಬರೆದಿಟ್ಟಿದ್ದಾರೆ. ಒಂದೇ ದಿನ ಗಂಟೆಗಟ್ಟಲೆ ಗುದ್ದಾಡುವುದಕ್ಕಿಂತ ದಿನಕ್ಕಿಷ್ಟು ಎಂದು ಹಂಚಿಕೊಳ್ಳುವುದು ಒಳ್ಳೆಯದೆಂದು ತೋರುತ್ತದೆ. ಇದನ್ನೂ ನೀನು ಕೇಳಿಯೇ ಇರುತ್ತೀ.

ಕೋಣೆಯಲ್ಲಿ ನಿಲ್ಲಿಸಬಹುದಾದ ಸಣ್ಣ ಕನ್ನಡಿಯಿದ್ದರೆ ಒಂದು ನಕ್ಷತ್ರ ಬರೆದು ಮೊದಲು ಎಡಗೈ, ಆಮೇಲೆ ನಾಲ್ಕು ದಿನ ಬಲಗೈ, ಮತ್ತೆ ಎಡಗೈ, ಹೀಗೆ ಮಾಡಿ ನೋಡು. ಎರಡೂ ಸಲದ ಎಡಗೈಯ ಕಾಗದಗಳನ್ನು ಮುಂದಿನ ಪತ್ರದ ಜೊತೆ ಕಳುಹಿಸು, ತಪ್ಪುಗಳನ್ನು ನಾನೇ ಎಣಿಸುತ್ತೇನೆ.

ಇಂತು ನಿನ್ನ ಅಜ್ಜ