ಬಸ್ಸು ಕಟಪಾಡಿ ದಾಟಿದೆ

ಪ್ರೀತಿಯ ಪುಟ್ಟಿ,

ನಾಳೆ ನೀನು ಇಂದ್ರಾಳಿ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲು ಹತ್ತುವ ಮೊದಲು ಇದನ್ನು ನಿನ್ನ ಬ್ಯಾಗಿಗೆ ಹಾಕುತ್ತೇನೆ. ಊಟಕ್ಕೆ ಕೂತಾಗ ಆದ ಮಾತು ನಿನಗೂ ಗೊತ್ತು, ನನಗೂ ಗೊತ್ತು. ಮತ್ತೆ ಕೆದಕುವುದಿಲ್ಲ. ನೀನು ಬರೆದ ಸೋಲ್ ಹಾಡು ಇದೆಯಲ್ಲ, ಮನುಷ್ಯರ ಹಾಗಿರುವ ಯಂತ್ರದ ಹುಡುಗಿಯದು, ಅದನ್ನು ಪೂರ್ತಿ ಕೇಳುವ ಮೊದಲೇ ನಾನು ಯಂತ್ರದ ಪ್ರೀತಿ ಯಾರಿಗೆ ಬೇಕು ಅಂದುಬಿಟ್ಟೆ. ಬೇಜಾರು ಮಾಡ್ಕೋಬೇಡ. ನೀನು ಬಾಗಿಲು ಹಾಕಿಕೊಂಡ ಮೇಲೆ ಅಪ್ಪನ ಇಯರ್‌ಫೋನ್ ಹಾಕಿಕೊಂಡು ಚಾವಡಿಯಲ್ಲಿ ಕೂತು ಕೇಳಿದೆ.

ಸೋಲ್ ಸಂಗೀತ ಅಂದರೆ ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಾರಿಕೆಯಿಂದ ಬಂದದ್ದು ಅಂತ ನೀನು ಹೇಳಿದ್ದೆ. ಆದರೆ ಸ್ಯಾಕ್ಸೋಫೋನ್ ಶುರುವಾದಾಗ ನನಗೆ ಹೊರಗಿನದು ಅನ್ನಿಸಲೇ ಇಲ್ಲ. ನಮ್ಮಲ್ಲಿ ಮದುವೆಗೂ ಅದೇ, ದೇವಸ್ಥಾನದ ಉತ್ಸವಕ್ಕೂ ಅದೇ ಅಲ್ವಾ? ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬೈಯ ಜಾಝ್ ಹಬ್ಬದಲ್ಲಿ ನುಡಿಸುವುದನ್ನು ಕೇಳಿ, ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸುತ್ತೇನೆ ಅಂದರಂತೆ. ಅದೇ ಮುಂಬೈಗೆ ನೀನು ಹೊರಟಿದ್ದೀಯ. ನನಗೆ ಹೆಮ್ಮೆ ಇದೆ. ಎದುರಿಗೆ ಹೇಳಲಿಕ್ಕೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆದೆ.

ಎರಡನೇ ಚರಣದಲ್ಲಿ ನಿನ್ನ ಆಂಡ್ರಾಯ್ಡ್ ಹುಡುಗಿ ಕೇಳುತ್ತಾಳಲ್ಲ, "ನೂರು ಸಲ ಕೇಳಿದರೂ ನನ್ನದು ಒಂದೇ ಉತ್ತರ, ಒಂದೇ ದನಿ. ಇದಕ್ಕೆ ಪ್ರೀತಿ ಅನ್ನಬಹುದೇ?" ಅಲ್ಲಿಗೆ ನಿಲ್ಲಿಸಿ ಮತ್ತೆ ಹಾಕಿದೆ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು.

ಅಜ್ಜಿಗೆ ನೆನಪು ಹೋದ ಆ ಮಳೆಗಾಲ. ಸಂಜೆ ಆದರೆ ಸಾಕು, "ಇವರು ಮಂಗಳೂರಿಂದ ಬಂದ್ರಾ?" ಅಂತ ಶುರು. ಅಜ್ಜ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು. "ಬಸ್ಸು ಕಟಪಾಡಿ ದಾಟಿದೆ ಅಜ್ಜಿ, ಈಗ ಬರ್ತಾರೆ" ಅನ್ನುತ್ತಿದ್ದೆ ನೀನು. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮತ್ತೆ ಕಟಪಾಡಿ. ದನಿ ಒಂದಿಷ್ಟೂ ಏರುತ್ತಿರಲಿಲ್ಲ. ಅವರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಾ ಹೇಳುತ್ತಿದ್ದೆ. ಬಸ್ಸನ್ನು ನೀನು ಉದ್ಯಾವರಕ್ಕೆ ಮಾತ್ರ ತರಲೇ ಇಲ್ಲ. ಅಷ್ಟು ಹತ್ತಿರ ಬಂದರೆ ಅಜ್ಜ ಮನೆಗೆ ಬರಲೇಬೇಕಾಗುತ್ತಿತ್ತು.

ಆಗ ಒಳಗೆ ಏನೂ ಇಲ್ಲದೆ ಬರೇ ಬಾಯಿಂದ ಹೇಳಿದೆ ಅಂತ ಈಗ ನಿನಗೇ ಅನ್ನಿಸುತ್ತಿದೆಯಾ? ನನಗೆ ಹೆದರಿಕೆ ಅದೇ. ಆ ಎಲೈಜಾ ಕಥೆ ನೀನೇ ಹೇಳಿದ್ದು. 1966ರ ಕಂಪ್ಯೂಟರ್ ಪ್ರೋಗ್ರಾಂ, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಆದರೂ ಅದನ್ನು ಮಾಡಿದ ವೈಝನ್‌ಬಾಮ್ ಅವರ ಸೆಕ್ರೆಟರಿಯೇ, ಅದರ ಹತ್ತಿರ ಮಾತಾಡಬೇಕು, ನೀವು ಸ್ವಲ್ಪ ಹೊರಗೆ ಹೋಗಿ ಅಂದರಂತೆ. ಇರಬಹುದು, ಕೇಳುವವರಿಗೆ ಅಷ್ಟು ಸಾಕಾಗುತ್ತದೆ. ಆದರೆ ಎಲೈಜಾಗೆ ಬೇರೆ ಕೆಲಸ ಇರಲಿಲ್ಲ ಪುಟ್ಟಿ. ನಿನಗೆ ಡಿಗ್ರಿ ಪರೀಕ್ಷೆ ಇತ್ತು. ಪುಸ್ತಕ ಮಡಚಿಟ್ಟು ಬಂದು ಕೂರುತ್ತಿದ್ದೆ. ಗೆಳತಿಯರೆಲ್ಲ ಮಲ್ಪೆ ಬೀಚಿಗೆ ಹೋದ ದಿನವೂ ಅಜ್ಜಿಯ ಮಂಚದ ಹತ್ತಿರವೇ ಇದ್ದೆ. ಯಂತ್ರಕ್ಕೆ ಬಿಟ್ಟು ಬರಲಿಕ್ಕೆ ಏನಿದೆ ಹೇಳು? ಒಂದೇ ಉತ್ತರ ಆದರೆ ಏನಾಯ್ತು? ನಿನ್ನ ಹುಡುಗಿಗೆ ಇದನ್ನು ಹೇಳು. ಹೇಳದಿದ್ದರೂ ಸರಿ, ಹಾಡು ನಿನ್ನದು. ಆ ಚರಣ ಉದ್ದವಾಯಿತು ಅಂತ ಯಾರಾದರೂ ಕತ್ತರಿಸಲಿಕ್ಕೆ ಬಂದರೆ ಮಾತ್ರ ಬಿಡಬೇಡ.

ಮತ್ತೆ, ಓದದೆ ಎಲ್ಲಿಯೂ ಸೈನ್ ಹಾಕಬೇಡ. ಇಷ್ಟು ವರ್ಷ ಬ್ಯಾಂಕಿನಲ್ಲಿ ಇದ್ದವಳು ಹೇಳುತ್ತಿದ್ದೇನೆ. 2012ರಲ್ಲಿ ಕಾಪಿರೈಟ್ ಕಾನೂನು ತಿದ್ದಿದ್ದಾರೆ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಹಕ್ಕನ್ನು ಕಂಪೆನಿಗೆ ಸುಮ್ನೆ ಬರೆದುಕೊಡುವ ಹಾಗಿಲ್ಲ. ಎಲ್ಲರೂ ಹೀಗೇ ಮಾಡುವುದು ಅಂದರೆ ನಂಬಬೇಡ. ಗಂಟಲು ಕಟ್ಟಿದ ದಿನ ಹಾಡಬೇಡ. ರೂಮಿನ ಹುಡುಗಿಯರು ಸುಸ್ತಾಗಿ ಬಂದರು ಅಂತ ದಿನಾ ಎಲ್ಲರ ಅಡುಗೆಯನ್ನೂ ನೀನೇ ಮಾಡಲಿಕ್ಕೆ ಹೋಗಬೇಡ. ನಿನ್ನದು ಅಂಥ ಸ್ವಭಾವ. ನೀನು ಅಜ್ಜಿಯೊಬ್ಬರಿಗೆ ಮಾಡಿದ್ದನ್ನು ಊರಿಗೆಲ್ಲ ಮಾಡಲಿಕ್ಕೆ ಆಗುವುದಿಲ್ಲ. ಇಲ್ಲ ಅನ್ನಲಿಕ್ಕೂ ಕಲಿ.

ಥಾಣೆಯಲ್ಲೇ ಇಳಿ, ಮಾವ ಬರ್ತಾರೆ. ಮಿಡಿ ಉಪ್ಪಿನಕಾಯಿ ಭರಣಿಯನ್ನು ನೆಟ್ಟಗೆ ಇಟ್ಟುಕೋ. ನವರಾತ್ರಿಗೆ ಬರುವುದಾದರೆ ಟಿಕೆಟ್ 60 ದಿನ ಮೊದಲು ಸಿಗುತ್ತದೆ, ಮೊದಲ ದಿನವೇ ಮಾಡು, ಆಯ್ತಾ? ಹಣ ಅಪ್ಪ ಹಾಕ್ತಾರೆ.

ಅಮ್ಮ